ಕಚ್ಚಿಟ್ಟ ರೊಟ್ಟಿ

ಹಿಮಬೆಟ್ಟಗಳ ಬುಡದ ನಮ್ಮೂರು ಕಾರಾಕೋಲ್‌ನ ಹವಾಮಾನ ಕಚೇರಿಯಲ್ಲಿ ಇಷೆನ್ ಅಣ್ಣ ತಮ್ಮ ವರ್ಚುವಲ್ ಮೆಷಿನ್ನನ್ನು, ಅಂದರೆ ಸರ್ವರಿನೊಳಗೇ ಓಡುವ ಇನ್ನೊಂದು ಕಂಪ್ಯೂಟರನ್ನು, ಎಂದೂ ಮುಚ್ಚುತ್ತಿರಲಿಲ್ಲ. ಕೆಲಸ ಎಲ್ಲಿಗೆ ಬಂದಿತ್ತೋ ಅಲ್ಲಿಗೇ ನಿಲ್ಲಿಸಿ, ಮಲಗಿಸಿದಂತೆ ಸೇವ್ ಮಾಡಿಡುತ್ತಿದ್ದರು. ದೂರ ಹೊರಟವರು ರೊಟ್ಟಿಯನ್ನು ಒಂದು ಸಲ ಕಚ್ಚಿಟ್ಟು ಹೋಗಿ, ಮರಳಿ ಬಂದು ತಿನ್ನುವುದು ನಮ್ಮವರ ಪದ್ಧತಿ. ಕೊನೆಯ ಸಲ ಬೆಟ್ಟಕ್ಕೆ ಹೊರಟಾಗ ಅವರೂ ರೊಟ್ಟಿಯನ್ನು ಒಂದು ಸಲ ಕಚ್ಚಿ, ಆ ಮೆಷಿನ್ನಿದ್ದ ಸರ್ವರಿನ ಮೇಲಿಟ್ಟರು.

"ರೊಟ್ಟಿ, ಮೆಷಿನ್ನು ಎರಡನ್ನೂ ಮುಟ್ಬೇಡ ಕಣೇ, ಹೊಟ್ಟೆಬಾಕಿ! ಬಂದು ನಾನೇ ಮುಗಿಸ್ತೀನಿ" ಎಂದು ನನ್ನ ಕಡೆ ನೋಡಿ ನಕ್ಕರು. ಹಿಮಕುಸಿತದಲ್ಲಿ ತೀರಿಹೋದರು. ಆ ರೊಟ್ಟಿಯನ್ನು ತೆಗೆಯಲು ಯಾರಿಗೂ ಮನಸ್ಸಾಗಲಿಲ್ಲ.

ಆರು ವರ್ಷದ ಮೇಲೆ, ಆ ಸರ್ವರನ್ನು ಸಾಗಹಾಕುವ ಮುನ್ನ, ಒಂದು ಮಧ್ಯಾಹ್ನ ನಾನೇ ಮೆಷಿನ್ನನ್ನು ಎಬ್ಬಿಸಿದೆ. ಅದರ ಗಡಿಯಾರ ಅವರು ಹೊರಟ ಗಳಿಗೆಯನ್ನೇ ತೋರಿಸಿತು. ಅರ್ಧ ಬರೆದ ಸಾಲಿನ ತುದಿಯಲ್ಲಿ ಕರ್ಸರ್ ಮಿನುಗುತ್ತಿತ್ತು. ಕೋಣೆ ಇದ್ದಕ್ಕಿದ್ದಂತೆ ತಣ್ಣಗಾಗಿ, ಅವರ ಒದ್ದೆ ಉಣ್ಣೆಕೋಟಿನ ವಾಸನೆ ಬಂತು. ಕಣ್ಣು ತುಂಬಿತು.

"ಬಂದ್ಯಾ, ಅಣ್ಣಾ?" ಎಂದೆ.

ಕಲ್ಲಿನಂತೆ ಒಣಗಿದ್ದ ರೊಟ್ಟಿಯನ್ನು ಕೈಗೆತ್ತಿಕೊಂಡೆ. ಎರಡು ಕಡೆ ಹಲ್ಲಿನ ಗುರುತಿತ್ತು. ಎರಡನೆಯದು ಇನ್ನೂ ಒದ್ದೆಯಾಗಿತ್ತು.