ಕೇರಿ ಗುಂಡಿಯ ನೀರು

"ಅತ್ತರು ಮಾರೋರಿಗೆ ಹೆಣ್ಮಕ್ಕಳ ಸಾಲಿಯೊಳಗ ಏನ್ ಕೆಲಸ್ರೀ?"

ಶಾಲೆಯ ಶಿಕ್ಷಕಿ ಗೋಪಮ್ಮ ಬಾಗಿಲಲ್ಲಿ ಅಡ್ಡ ನಿಂತು ಕೇಳಿದಳು. ಅಂಗಳದಲ್ಲಿ ನಿಂತಿದ್ದವನ ತಲೆಯ ಮೇಲೊಂದು ಮರದ ಪೆಟ್ಟಿಗೆ, ಅದರ ಹುಲ್ಲಿನ ನಡುವೆ ಸಾಲು ಬಾಟಲಿಗಳು. ಅವನು ಪೆಟ್ಟಿಗೆ ಇಳಿಸಿ ಬೆವರು ಒರೆಸಿಕೊಂಡ.

"ಅತ್ತರಲ್ರಿ ಅಕ್ಕೋರೆ, ನೀರು."

"ಮಾನ್ವಿಗೆ ಬಂದು ನೀರು ಮಾರ್ತೀರಾ?"

"ಮಾರೋದಿಲ್ರಿ. ರುಚಿ ನೋಡ್ತೀನಿ, ಅದಕ್ಕ ಸರ್ಕಾರ ಪಗಾರ ಕೊಡ್ತದ."

ಹೆಸರು ಮೂಕಪ್ಪ. ಅರಕೇರಾದ ಕೂಲಿಯವರ ಮಗ, ರಾಯಚೂರಿನ ಕೃಷಿ ಪ್ರಯೋಗಾಲಯದಲ್ಲಿ ಹಂಗಾಮಿ ಸಹಾಯಕ. ಹೊಸ ಕಾಲುವೆ, ಹೊಸ ಬಾವಿಗಳ ಸರ್ವೆಗೆಂದು ಊರೂರಿನ ನೀರು ತುಂಬಿಕೊಳ್ಳುವುದು ಅವನ ಕೆಲಸ. ಬಸ್ ಬರುವವರೆಗೆ ಪೆಟ್ಟಿಗೆಗೆ ನೆರಳು ಬೇಕಿತ್ತು, ಅಷ್ಟೆ.

"ಹೆಸರು ಮೂಕಪ್ಪ ಅಂತೀರಿ, ಮಾತಿಗೇನೂ ಕಮ್ಮಿ ಇಲ್ಲ," ಎಂದಳು ಗೋಪಮ್ಮ. ಹಿಂದೆ ಹುಡುಗಿಯರು ಕಿಸಕ್ಕನೆ ನಕ್ಕರು. ಅವನೂ ನಕ್ಕ. ಆ ನಗು ಕಣ್ಣಿಗೆ ಏರುವುದನ್ನು ಅವಳು ನೋಡಿದಳು, ನೋಡಿದ್ದು ತಿಳಿಯಬಾರದೆಂದು ಬಾಟಲಿಗಳತ್ತ ತಿರುಗಿದಳು.

ಆ ದಿನ ಅವನು ಹುಡುಗಿಯರಿಗೆ ಒಂದು ಚೋದ್ಯ ತೋರಿಸಿದ. ಎರಡು ಗಾಜಿನ ಕೊಳವೆಗಳಲ್ಲಿ ಎರಡು ಊರಿನ ನೀರು. ಎರಡಕ್ಕೂ ಸಿಲ್ವರ್ ನೈಟ್ರೇಟಿನ ಒಂದೊಂದು ಹನಿ. ಒಂದರಲ್ಲಿ ತೆಳ್ಳಗೆ ಮಂಜು ಕವಿಯಿತು; ಇನ್ನೊಂದು ಒಡೆದ ಹಾಲಿನಂತೆ ಬಿಳಿಯಾಯಿತು.

"ಬೆಳ್ಳಗಾದದ್ದರೊಳಗ ಉಪ್ಪು ಭಾಳ ಅದ. ಈ ನೀರು ಹೊಲಕ್ಕ ಹಾಯಿಸಿದ್ರ ಎರಡು ವರ್ಷಕ್ಕ ಜ್ವಾಳ ಸುಟ್ಟು ಹೋಗತದ."

ರಸಾಯನಶಾಸ್ತ್ರ ಕಲಿಸಿರೆಂದು ಗೋಪಮ್ಮನಿಗೆ ಮೇಲಿಂದ ಹುಕುಂ ಬಂದಿತ್ತು. ಸಾಮಾನು ಮಾತ್ರ ಬಂದಿರಲಿಲ್ಲ. ಅವಳು ಕೇಳುವ ಮೊದಲೇ ಮೂಕಪ್ಪ ಸಣ್ಣ ಸೀಸೆಯೊಂದನ್ನು ಅವಳ ಮೇಜಿನ ಮೇಲಿಟ್ಟ. "ಹುಷಾರ್ರಿ, ಬೆರಳಿಗೆ ಹತ್ತಿದ್ರ ಕರಿ ಕಲಿ ಬೀಳತದ," ಎಂದು ತನ್ನ ಕಪ್ಪಾದ ಬೆರಳು ತೋರಿಸಿದ.

ಅಂದಿನಿಂದ ಪ್ರತಿ ಗುರುವಾರ ಬಂದ. ಗೋಪಮ್ಮನ ಪಾಠಗಳು ಬಾವಿಗಿಳಿದವು. ಯಾವ ಬಾವಿಯ ನೀರಲ್ಲಿ ಸಾಬೂನು ನೊರೆ ಕಟ್ಟುವುದಿಲ್ಲ? ಸವಳು ಮಣ್ಣಿನಲ್ಲಿ ಬೀಜವೇಕೆ ಏಳುವುದಿಲ್ಲ? ಹುಡುಗಿಯರು ಮನೆಯಿಂದ ತಂಬಿಗೆಗಳಲ್ಲಿ ನೀರು ಹೊತ್ತು ಬಂದರು. ಬುಧವಾರವಾದರೆ ಸಾಕು, ಅಕ್ಕೋರಿಗೆ ಕೂತಲ್ಲಿ ಕೂಡಲಾಗುತ್ತಿರಲಿಲ್ಲ. ಜಡೆ ಬಿಚ್ಚುವಳು, ಮತ್ತೆ ಹೆಣೆಯುವಳು.

ಐದನೆಯ ಗುರುವಾರ ಅವನು ನೀರಮಾನ್ವಿಯಿಂದ ಬಂದಿದ್ದ. ನೀರಮಾನ್ವಿ ಗೋಪಮ್ಮನ ತವರು. ಅವಳ ತಾಯಿ ಯಮನಮ್ಮ ಅಲ್ಲಿಯ ಕೇರಿಯಲ್ಲಿದ್ದಳು. ಕೇರಿಯವರಿಗೆ ಸ್ವಂತ ಬಾವಿ ಇಲ್ಲ. ಊರ ಬಾವಿಯ ಬಳಿ ದೂರ ನಿಂತು, ಯಾರಾದರೂ ಸುರಿದರೆ ಕೊಡ ತುಂಬಬೇಕು. ಈಗ ಸರ್ಕಾರ ಒಂದು ಬಾವಿ ತೋಡಿಸಲಿತ್ತು. ಪರೀಕ್ಷೆಗೆ ಎರಡು ಗುಂಡಿ ತೆಗೆದಿದ್ದರು: ಒಂದು ಕೇರಿಯ ಪಕ್ಕ, ಇನ್ನೊಂದು ಊರಾಚೆ ಗೌಡರ ಹೊಲದಲ್ಲಿ. ನೀರು ಸಿಹಿಯಿದ್ದ ಕಡೆ ಬಾವಿ.

"ಸಿರವಾರಕ್ಕ ಹೋಗಿ ನಾಳೆ ಬರ್ತೀನ್ರಿ. ಬಾಟ್ಲಿ ಇಲ್ಲೇ ಇರಲಿ," ಎಂದು ಮೂಕಪ್ಪ ಹೊರಟ.

ಗೋಪಮ್ಮನಿಗೆ ತಡೆಯಲಾಗಲಿಲ್ಲ. ಆ ಎರಡು ಗುಂಡಿಗಳ ನೀರಿನ ಬಾಟಲಿಗಳ ಬೂಚು ತೆಗೆದು, ಒಂದೊಂದು ಚಮಚ ನೀರು ಸುರಿದು, ಹನಿ ಹಾಕಿದಳು. ಗೌಡರ ಹೊಲದ ನೀರು ಬಿಳಿಯಾಯಿತು; ಕೇರಿಯ ನೀರಲ್ಲಿ ಬರೀ ತೆಳು ಮಂಜು! ಹುಡುಗಿಯರು ಚಪ್ಪಾಳೆ ಹೊಡೆದರು. ಸಂಭ್ರಮದಲ್ಲಿ ಬೂಚುಗಳನ್ನು ಒತ್ತಿ ಬಾಟಲಿ ಒಳಗಿಟ್ಟಳು. ಯಾವ ಗುಂಡಿಯ ನೀರೆಂದು ಬರೆದ ಚೀಟಿ ಬಾಟಲಿಗಲ್ಲ, ಬೂಚಿಗೆ ಕಟ್ಟಿರುವುದೆಂದು ಅವಳಿಗೆ ಹೊಳೆಯಲೇ ಇಲ್ಲ. ಮರುದಿನ ಮೂಕಪ್ಪ ಬಂದು ಬಾಟಲಿಗಳನ್ನು ಒಯ್ದ.

ಮುಂದಿನ ಗುರುವಾರ ಅವನು ಖಾಲಿ ಕೈಯಲ್ಲಿ ಬಂದ.

"ಒಂದು ಸಿಹಿ ಸುದ್ದಿ, ಒಂದು ಕಹಿ. ನನ್ನ ವರದಿ ಸಾಹೇಬರಿಗೆ ಹಿಡಿಸ್ಯದ. ನೌಕರಿ ಕಾಯಂ ಮಾಡ್ತಾರಂತ." ಅವನ ದನಿ ಇಳಿಯಿತು. "ಕಹಿ ಅಂದ್ರ, ನಿಮ್ಮ ಕೇರಿ ನೀರು ಬರೀ ಉಪ್ಪು. ಬಾವಿ ಗೌಡರ ಹೊಲದಾಗ ಆಗತದ."

ಚೀಟಿ ಇದ್ದದ್ದು ಬೂಚಿಗೆಂದು ಗೋಪಮ್ಮನಿಗೆ ಈಗ ಹೊಳೆಯಿತು. ಬೂಚುಗಳು ಅದಲುಬದಲಾಗಿದ್ದವು. ಹೇಳಲು ಬಾಯಿ ತೆರೆದಳು; ನೌಕರಿಯ ಸಂತಸ ಇನ್ನೂ ಆರದ ಆ ಮುಖ ನೋಡಿ, "ನೌಕರಿ ಕಾಯಂ ಆಗಿದ್ದು ಚಲೋ ಆತ್ರಿ," ಎಂದಷ್ಟೇ ಅಂದಳು. ಅವನು ಹೊರಟುಹೋದ.

ಮೂರು ದಿನ ಅನ್ನ ಸೇರಲಿಲ್ಲ. ಹೇಳಿದರೆ ಅವನ ನೌಕರಿ ಹೋಗುತ್ತದೆ. ಹೇಳದಿದ್ದರೆ ತಾಯಿಯ ಕೊಡ ತುಂಬದು. ಪಾಠ ಹೇಳುತ್ತಾ ನಡುವೆಯೇ ನಿಲ್ಲುವಳು, ಕಿಟಕಿಗೆ ಹೋಗುವಳು, ಬರುವಳು. ನಾಲ್ಕನೆಯ ದಿನ ರಜೆ ಬರೆದುಕೊಟ್ಟು, ಪೆಟ್ರೋಲ್ ಅಭಾವದ ಆ ದಿನಗಳ ಇದ್ದಿಲು ಗ್ಯಾಸಿನ ಬಸ್ ಹತ್ತಿದಳು. ಏರು ಬಂದಲ್ಲೆಲ್ಲ ಇಳಿದು ನೂಕುತ್ತಾ ರಾಯಚೂರು ಮುಟ್ಟುವಾಗ ಮಧ್ಯಾಹ್ನ ಜಾರಿತ್ತು.

ಪ್ರಯೋಗಾಲಯದ ಬಾಗಿಲಲ್ಲಿ ಅವಳನ್ನು ಕಂಡು ಮೂಕಪ್ಪನ ಮುಖ ಅರಳಿತು. ಅವಳು ಎಲ್ಲ ಹೇಳಿದಳು. ಅವನು ಮೊದಲ ಸಲ ನಿಜಕ್ಕೂ ಮೂಕನಾದ.

"ನೀವು ಹೇಳದಿದ್ರ ಯಾರಿಗೂ ಗೊತ್ತಾಗ್ತಿರಲಿಲ್ಲ," ಎಂದ ಕೊನೆಗೆ.

"ನನಗ ಗೊತ್ತಿತ್ತಲ್ರಿ. ಬೈರಿ ಬೇಕಾದ್ರ."

ಅವನು ಬೈಯಲಿಲ್ಲ. ಅಂಗಿಯ ಗುಂಡಿ ಹಾಕಿಕೊಂಡು ನೇರ ತನ್ನ ಮೇಲಧಿಕಾರಿ ಬುರ್ಹಾನುದ್ದೀನ್ ಸಾಹೇಬರ ಕೋಣೆಗೆ ನಡೆದ. ಗೋಪಮ್ಮ ಹಿಂದೆಯೇ ಓಡಿದಳು.

"ತಪ್ಪು ನಂದ್ರಿ ಸಾಹೇಬ್ರ, ಬಾಟ್ಲಿ ತೆಗೆದಾಕಿ ನಾನು."

"ಕಾವಲಿಲ್ಲದ ಬಿಟ್ಟು ಹೋದವ ನಾನ್ರಿ," ಎಂದ ಮೂಕಪ್ಪ.

ಸಾಹೇಬರು ಕನ್ನಡಕ ತೆಗೆದು ಇಬ್ಬರನ್ನೂ ನೋಡಿದರು. ವರದಿ ಹರಿದರು. ಬೇರೆಯವರನ್ನು ಕಳಿಸಿ ಹೊಸದಾಗಿ ನೀರು ತರಿಸುವುದಾಗಿ ಹೇಳಿದರು. "ಆದ್ರ ಮೂಕಪ್ಪ, ನಾಳೆಯಿಂದ ನೀ ಇಲ್ಲಿಗೆ ಬರಬ್ಯಾಡ."

ಬಸ್ ಅಡ್ಡೆಯವರೆಗೆ ಅವನು ಅವಳ ಜೊತೆ ನಡೆದ. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು. ಅವನು ಕಿಟಕಿ ಪಕ್ಕದ ಸೀಟು ಹಿಡಿದುಕೊಟ್ಟು, "ಹುಷಾರಾಗಿ ಹೋಗ್ರಿ," ಎಂದಷ್ಟೇ ಹೇಳಿದ.

ಎರಡು ತಿಂಗಳು ಅವನ ಸುದ್ದಿಯಿಲ್ಲ. ಗುರುವಾರಗಳು ಬಂದವು, ಬಸ್ಸುಗಳೂ ಬಂದವು. ಹಾರನ್ ಕೇಳಿದಾಗಲೆಲ್ಲ ಅವಳ ಕೈಯ ಸೀಮೆಸುಣ್ಣ ಮುರಿಯುತ್ತಿತ್ತು.

ಹೊಸ ಪರೀಕ್ಷೆಯಲ್ಲಿ ಕೇರಿಯ ನೀರು ಸಿಹಿಯೆಂದೇ ಬಂತು. ಯುಗಾದಿ ಕಳೆದ ಮೇಲೆ ತೋಡುವ ಕೆಲಸ ಶುರುವಾಗಿ, ಸೆಲೆ ಒಡೆದ ದಿನ ಗೋಪಮ್ಮ ನೀರಮಾನ್ವಿಗೆ ಹೋದಳು. ಕೇರಿಯೆಲ್ಲ ಬಾವಿಯ ಸುತ್ತ ನೆರೆದಿತ್ತು. ಆ ಗುಂಪಿನಾಚೆ, ಬೇವಿನ ಕೆಳಗೆ ಮೂಕಪ್ಪ ನಿಂತಿದ್ದ.

"ಎಲ್ಲಿ ಹೋಗಿದ್ರಿ?" ಸಿಟ್ಟೋ ಅಳುವೋ ಅವಳಿಗೇ ತಿಳಿಯಲಿಲ್ಲ.

"ದೇವದುರ್ಗದ ಸಾಲಿಯೊಳಗ ಮಾಸ್ತರಾಗೀನ್ರಿ. ಒಂದು ನೆಲಿ ಸಿಗೋತನಕ ನಿಮಗ ಮುಖ ತೋರಿಸಬಾರದು ಅಂದ್ಕೊಂಡಿದ್ದೆ. ರಸಾಯನ ನನಗ ಬರತದ, ಕಲಿಸೋದು ಬರೋದಿಲ್ಲ. ಹುಡುಗರು ಆಕಳಿಸ್ತಾರ."

"ಪುಸ್ತಕ ಮುಚ್ಚ್ರಿ. ಅವರವರ ಮನಿ ನೀರು ತರಸ್ರಿ."

"ನೀವ ಬಂದು ಹೇಳಿಕೊಡ್ರೆಲಾ, ದೇವದುರ್ಗಕ್ಕ."

"ಪಾಠ ಹೇಳಿಕೊಡಾಕೇನು?"

"ಅದಕ್ಕೂ."

"ಅದಕ್ಕೂ ಅಂದ್ರ? ಬಿಡಿಸಿ ಹೇಳ್ರಿ ಮಾಸ್ತರ."

ಅವನು ಕೆಂಪಾದ. "ನೌಕರಿ ಹೋದ ದಿನ ನನಗ ಅದರ ಚಿಂತಿ ಆಗಲಿಲ್ಲ ಗೋಪಮ್ಮ. ಇನ್ನ ಗುರುವಾರ ಮಾನ್ವಿಗೆ ಹೋಗಾಕ ನೆವ ಇಲ್ಲಲ್ಲ ಅಂತ ಎದಿ ಒಡದಿತ್ತು. ನನ್ನ ಮದುವಿ ಆಗ್ತೀರೇನು?"

ಗೋಪಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಬಾವಿಯ ಕಡೆಯಿಂದ ಯಮನಮ್ಮ ಇವರನ್ನೇ ನೋಡುತ್ತಾ ಬರುತ್ತಿದ್ದಳು.

"ಯವ್ವನ್ನ ಕೇಳ್ರಿ," ಎಂದಳು. "ಅಂಜಬ್ಯಾಡ್ರಿ. ಎರಡು ತಿಂಗಳ ಹಿಂದನ ನಾ ಕೇಳಿ ಇಟ್ಟೀನಿ."