ಮಣೆಯ ಅಡಿಯ ಹೆಸರು

“ಆ ಮಣೆ ಬುಡು ಕಣಮ್ಮ. ಅದ್ರಲ್ಲಿ ಯಾರೂ ಹೊಸೆಯಲ್ಲ,” ಎಂದಳು ಕುಸುಮಕ್ಕ.

ಅನು ಕೇಳಿಯೂ ಕೇಳದವಳಂತೆ ಮೂಲೆಗೆ ಹೋಗಿ, ಗೋಡೆಗೆ ಒರಗಿಸಿದ್ದ ಮಣೆಯನ್ನು ಎಳೆದುಕೊಂಡಳು. ವೇಲಿನ ತುದಿಯಿಂದ ಧೂಳು ಒರೆಸಿ, “ಯಾಕಕ್ಕ, ಕಚ್ಚುತ್ತಾ?” ಅಂದಳು. ಸಾಲಾಗಿ ಕೂತಿದ್ದ ಹೆಂಗಸರ ಕೈಗಳು ಒಟ್ಟಿಗೆ ನಿಂತವು.

ಸಿದ್ಧಾರ್ಥನಗರದ ಹಿಂದಿನ ಬೀದಿಯ ಊದುಬತ್ತಿ ಶೆಡ್ಡು ಅದು. ತಗಡಿನ ಸೂರು, ಒಂದೇ ಒಂದು ಕಿಟಕಿ, ಅದಕ್ಕೂ ಗೋಣಿಚೀಲದ ಪರದೆ. ಇದ್ದಿಲ ಪುಡಿ ಕಲೆಸಿದ ಕಪ್ಪು ಹಿಟ್ಟನ್ನು ಬಿದಿರ ಕಡ್ಡಿಗೆ ಹಚ್ಚಿ ಮಣೆಯ ಮೇಲೆ ಅಂಗೈಯಲ್ಲಿ ಹೊಸೆಯಬೇಕು. ಸರ್, ಸರ್ ಎಂಬ ಆ ಸದ್ದು ಬೆಳಗಿನಿಂದ ಸಂಜೆಯವರೆಗೆ ನಿಲ್ಲುತ್ತಿರಲಿಲ್ಲ. ಗಂಧದೆಣ್ಣೆಯ ವಾಸನೆ ಮೊದಲು ಹಿತವೆನಿಸಿ, ಮಧ್ಯಾಹ್ನದ ಹೊತ್ತಿಗೆ ಗಂಟಲಲ್ಲಿ ಕೂತುಬಿಡುತ್ತಿತ್ತು.

ಮಣೆಯ ಕತೆಯನ್ನು ಮೇಸ್ತ್ರಿ ಕುಸುಮಕ್ಕನೇ ತಗ್ಗಿದ ದನಿಯಲ್ಲಿ ಹೇಳಿದಳು. ಅದು ಮಂಜುಶ್ರೀ ಎಂಬ ಹುಡುಗಿಯದು. ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಹೋದ ದೀಪಾವಳಿಯ ಹೊತ್ತಿಗೆ ಊಟ ಬಿಟ್ಟಳು, ನಿದ್ದೆ ಬಿಟ್ಟಳು, ಗೋಡೆಯ ಜೊತೆ ಮಾತಾಡತೊಡಗಿದಳು. ಮಾಟ ಎಂದು ಮನೆಯವರು ಬಂಡಿಪಾಳ್ಯದಾಚೆಯ ಮಂತ್ರವಾದಿ ಮರಿಯಯ್ಯನ ಬಳಿಗೆ ಒಯ್ದರು. ಮರಿಯಯ್ಯನದು ಒಂದೇ ಪದ್ಧತಿ. ಇಳಿಸಿದ್ದನ್ನು ಗಾಳಿಗೆ ಬಿಡುವಂತಿಲ್ಲ, ಇನ್ನೊಬ್ಬರ ಹೆಸರಿಗೆ ಕಳಿಸಬೇಕು. ಆ ಹೆಸರನ್ನು ಮಾಟ ಹಿಡಿಸಿಕೊಂಡವರೇ ಬಾಯಿಬಿಟ್ಟು ಹೇಳಬೇಕು. ಮಂಜುಶ್ರೀ ಮೂರು ಅಮಾವಾಸ್ಯೆ ಏಟು ತಿಂದಳು, ಹೆಸರು ಹೇಳಲಿಲ್ಲ. ಈಗ ಮನೆಯ ಹಿಂದಿನ ಕೋಣೆಯಲ್ಲಿದ್ದಾಳೆ, ಹೊರಗಿನಿಂದ ಚಿಲಕ.

“ಹೋಗ್ದೆ ಇರೋದು ಎಲ್ಲಾದ್ರೂ ಕೂತ್ಕೋಬೇಕಲ್ಲವ್ವ. ಆ ಮಣೇಲಿ ಕೂತದೆ.”

ಅನು ನಕ್ಕಳು. ಆ ದೆವ್ವದ ಹೆಸರು ಅವಳಿಗೆ ಗೊತ್ತಿತ್ತು. ತನ್ನ ಆಸ್ಪತ್ರೆಯ ಚೀಟಿಯಲ್ಲೇ ಅದನ್ನು ಬರೆದಿದ್ದರು. ಎರಡು ವರ್ಷದ ಹಿಂದೆ ಅವಳೂ ತಿಂಗಳುಗಟ್ಟಲೆ ನಿದ್ದೆಯಿಲ್ಲದೆ, ಕಿವಿಯಲ್ಲಿ ಯಾರೋ ಕರೆದಂತಾಗಿ, ಪಿಯುಸಿ ಅರ್ಧಕ್ಕೇ ಬಿಟ್ಟು ಮೂಲೆ ಹಿಡಿದಿದ್ದಳು. ಮಾತ್ರೆ ಶುರುವಾದ ಮೇಲೆ ಸದ್ದು ಅಡಗಿತ್ತು. ಊರಲ್ಲಿ ಹುಚ್ಚಿ ಅನ್ನಿಸಿಕೊಂಡದ್ದು ಮಾತ್ರ ಅಡಗಲಿಲ್ಲ. ಅದಕ್ಕೇ ಅವ್ವ ಮೈಸೂರಿಗೆ ಕರೆತಂದಿದ್ದಳು. ರಾಮಕೃಷ್ಣನಗರದ ಮನೆಗಳಲ್ಲಿ ಪಾತ್ರೆ ತಿಕ್ಕುತ್ತಿದ್ದ ಅವ್ವ ದಿನವೂ ಹೇಳುವುದು ಒಂದೇ ಮಾತು: ಇಲ್ಲಿ ಯಾರಿಗೂ ತಿಳಿಯಬಾರದು.

ಮಾತ್ರೆಯ ಪಟ್ಟಿ ಟಿಫನ್ ಕ್ಯಾರಿಯರಿನ ಕೆಳಗಿನ ಡಬ್ಬಿಯಲ್ಲಿರುತ್ತಿತ್ತು. ಮಧ್ಯಾಹ್ನ ಗೋಡೆಯ ಕಡೆ ತಿರುಗಿ ನುಂಗುವಾಗ ಪಕ್ಕದ ಅಕ್ಷತಾ ನೋಡಿಬಿಟ್ಟಳು. ಶೆಡ್ಡಿಗೆಲ್ಲ ಚಿಕ್ಕವಳು, ಹದಿನೆಂಟರ ಸಣಕಲು ಹುಡುಗಿ. ಅನು ಪಟ್ಟಿಯನ್ನು ಮುಷ್ಟಿಯಲ್ಲಿ ಅದುಮಿದಳು.

“ನಮ್ಮಣ್ಣನೂ ತಗೋತಾನೆ ಕಣಕ್ಕ,” ಎಂದಳು ಅಕ್ಷತಾ, ತುಟಿ ಅಲ್ಲಾಡಿಸದೆ. “ಬೇಗ ಮುಚ್ಚಿಡಿ.”

ಅಂದಿನಿಂದ ಊಟದ ಹೊತ್ತಿಗೆ ಅವಳು ಅನುವಿಗೆ ಮರೆಯಾಗುವಂತೆ ಕೂರತೊಡಗಿದಳು. ಅದರ ಮಾತು ಮತ್ತೆ ಎತ್ತಲಿಲ್ಲ.

ಮೂರನೆಯ ದಿನ ಮಣೆ ಸರಿಸುವಾಗ ಅಡಿಯಲ್ಲಿ ಬೆರಳಿಗೆ ಗೀರುಗಳು ಸಿಕ್ಕವು. ಅನು ಮಗುಚಿ ನೋಡಿದಳು. ಮೊಳೆಯಲ್ಲಿ ಕೆತ್ತಿದ ಹೆಸರುಗಳು. ಕುಸುಮ. ಅಕ್ಷತಾ. ಶೆಡ್ಡಿನ ಎಲ್ಲರ ಹೆಸರೂ ಇತ್ತು, ಪ್ರತಿಯೊಂದರ ಮೇಲೂ ಅಡ್ಡಗೀಟು. ಕುಸುಮಕ್ಕನ ಹೆಸರಿನ ಮೇಲೆ ಗೀಟು ಎಷ್ಟು ಆಳವೆಂದರೆ ಮರವೇ ಸಿಬಿರೆದ್ದಿತ್ತು. ಮಂಜುಶ್ರೀ ಎಲ್ಲರಿಗೂ ಶಾಪ ಹಾಕಿಯೇ ಹೋಗಿದ್ದಾಳೆ ಅಂದುಕೊಂಡಳು ಅನು. ಆಮೇಲೆ ಕೊನೆಯ ಸಾಲು ಕಣ್ಣಿಗೆ ಬಿತ್ತು.

ಅನು.

ಅದಕ್ಕೆ ಗೀಟಿರಲಿಲ್ಲ. ಬೇರೆ ಅಕ್ಷರಗಳಲ್ಲಿ ಕಪ್ಪು ಹಿಟ್ಟು ಮೆತ್ತಿ ಒಣಗಿತ್ತು. ಇದರೊಳಗೆ ಮರದ ಹಳದಿ ಬಣ್ಣ ಇನ್ನೂ ಹಸಿಯಾಗಿತ್ತು.

ಚಿಲಕದೊಳಗಿದ್ದವಳು ಬಂದು ಬರೆಯಲಾರಳು. ಹಾಗಾದರೆ ಇಲ್ಲಿ ಕೂತವರಲ್ಲೇ ಒಬ್ಬರು. ಅನು ಒಬ್ಬೊಬ್ಬರ ಕೈಯನ್ನೂ ನೋಡತೊಡಗಿದಳು. ಎಲ್ಲರ ಉಗುರೂ ಕಪ್ಪು, ಎಲ್ಲರ ಬೆರಳಲ್ಲೂ ಸಿಬಿರು. ಹಾಜರಿ ಪುಸ್ತಕದಲ್ಲಿ ಕುಸುಮಕ್ಕ ಬರೆದ ‘ನು’ವಿಗೂ ಇಷ್ಟೇ ಉದ್ದದ ಬಾಲವಿತ್ತು. ಇತ್ತೋ, ತನಗೇ ಹಾಗೆ ಕಂಡಿತೋ.

ಮಾರನೆಯ ದಿನ ಕ್ಯಾರಿಯರಿನಲ್ಲಿ ಮಾತ್ರೆಯಿರಲಿಲ್ಲ.

ಡಬ್ಬಿಗಳನ್ನೆಲ್ಲ ಬಿಚ್ಚಿದಳು. ಚೀಲ ಕೊಡವಿದಳು. ಆಸ್ಪತ್ರೆಯ ಸಾಲಿನಲ್ಲಿ ನಿಲ್ಲಬೇಕೆಂದರೆ ಒಂದು ದಿನದ ರಜೆ ಬೇಕು. ರಜೆ ಕೇಳಿದರೆ ಕುಸುಮಕ್ಕ ಕಾರಣ ಕೇಳುತ್ತಾಳೆ. ಕಳೆದುಹೋಗಿದೆ ಎಂದು ಯಾರ ಮುಂದೆಯೂ ಹೇಳುವಂತಿರಲಿಲ್ಲ, ಏಕೆಂದರೆ ಇತ್ತು ಎಂದೇ ಹೇಳಿರಲಿಲ್ಲ. ಅವ್ವ ಹೆದರುತ್ತಾಳೆಂದು ಮನೆಯಲ್ಲೂ ಬಾಯಿಬಿಡಲಿಲ್ಲ.

ಒಂದು ವಾರ ಹಾಗೇ ಕಳೆಯಿತು. ನಿದ್ದೆ ದೂರವಾಯಿತು. ಅನ್ನದಲ್ಲಿ ಇದ್ದಿಲ ರುಚಿ. ಹೆಂಗಸರು ಅವಳನ್ನು ನೋಡಿ ಪಿಸುಗುಡುತ್ತಿದ್ದರು, ಅವಳು ತಿರುಗಿದರೆ ಸುಮ್ಮನಾಗುತ್ತಿದ್ದರು. ಒಮ್ಮೆ ಅಕ್ಷತಾ ಕೈ ಹಿಡಿದು, ಅಣ್ಣನ ಡಾಕ್ಟರ ಹತ್ತಿರ ತಾನೇ ಕರೆದೊಯ್ಯುತ್ತೇನೆ ಎಂದಳು. ಅನು ಕೈ ಕಿತ್ತುಕೊಂಡಳು. ಮಾತ್ರೆಯ ವಿಷಯ ಗೊತ್ತಿದ್ದದ್ದು ಇವಳೊಬ್ಬಳಿಗೇ ಅಲ್ಲವೆ?

ಅದೇ ದಿನ ಮೂರು ಗಂಟೆಗೆ ಕರೆಂಟು ಹೋಯಿತು. ಶೆಡ್ಡಿನೊಳಗೆ ಕತ್ತಲು ಧೊಪ್ಪನೆ ಬಿತ್ತು. ಎಲ್ಲರ ಕೈ ನಿಂತವು.

ಸರ್. ಸರ್.

ಹೊಸೆಯುವ ಸದ್ದು ಮಾತ್ರ ನಿಲ್ಲಲಿಲ್ಲ. ಅದು ಬರುತ್ತಿದ್ದದ್ದು ಅನುವಿನ ತೊಡೆಯ ಮೇಲಿನ ಮಣೆಯಿಂದ. ಕೆಳಗಿನಿಂದ. ಮರದ ಅಡಿಯಲ್ಲಿ ಯಾರದೋ ತಣ್ಣನೆಯ ಅಂಗೈ ಹಿಂದೆ ಮುಂದೆ ಹೋಗುತ್ತಿತ್ತು.

ಯಾರೋ ಜೋರಾಗಿ ನಕ್ಕರು. ಕುಸುಮಕ್ಕ “ಹಿಡ್ಕೊಳ್ರೇ ಅವ್ಳನ್ನ” ಅಂದಾಗಲೇ ನಗು ತನ್ನದೆಂದು ಅವಳಿಗೆ ತಿಳಿದದ್ದು.

ಭಾನುವಾರ ಅಮಾವಾಸ್ಯೆ. ಅಳುತ್ತಿದ್ದ ಅವ್ವನನ್ನು ಒಪ್ಪಿಸಿ ಕುಸುಮಕ್ಕನೇ ಅನುವನ್ನು ಆಟೋ ಹತ್ತಿಸಿದಳು. ಮರಿಯಯ್ಯನ ಕೋಣೆಗೆ ಕಿಟಕಿಯಿರಲಿಲ್ಲ. ನಡುಮಧ್ಯಾಹ್ನದಲ್ಲೂ ಒಳಗೆ ಕೆಂಡದ ಬೆಳಕು ಬಿಟ್ಟರೆ ಏನೂ ಇಲ್ಲ. ಕೊಳೆತ ನಿಂಬೆಯ ವಾಸನೆ, ಸುಟ್ಟ ಕೂದಲಿನ ವಾಸನೆ. ಮರಿಯಯ್ಯ ಅವಳ ಜುಟ್ಟು ಹಿಡಿದು ಮುಖವನ್ನು ಕೆಂಡದ ಮೇಲಕ್ಕೆ ಬಾಗಿಸಿದ. ಒಣಮೆಣಸಿನಕಾಯಿ ಸುರಿದ.

“ಎಸ್ರು ಯೋಳವ್ವ. ಯಾರ್ಗೆ ಕಳಿಸ್ಲಿ?”

ಹೊಗೆಯಲ್ಲಿ ಮಣೆಯ ಅಡಿ ಕಂಡಿತು. ಬರೆದು, ಹೊಡೆದುಹಾಕಿದ ಹೆಸರುಗಳು. ಶಾಪಕ್ಕೆ ಗುರಿಯಾದವರ ಪಟ್ಟಿಯಲ್ಲ ಅದು. ಹೇಳದೆ ಉಳಿಸಿದವರ ಪಟ್ಟಿ. ಒಬ್ಬೊಬ್ಬರನ್ನೇ ನೆನೆದು, ಬೇಡ, ಇವಳು ಬೇಡ, ಎಂದು ಮಂಜುಶ್ರೀ ಗೀಟೆಳೆದಿದ್ದಳು. ಕುಸುಮಕ್ಕನಿಗೂ.

“ಎಸ್ರು.”

ಹೇಳಬಾರದು. ಮಂಜುಶ್ರೀ ಹೇಳಿರಲಿಲ್ಲ. ಉಸಿರಿಲ್ಲ. ಎದೆ ಸೀಳುತ್ತಿದೆ. ಬೇವಿನ ಬರಲು ಬೆನ್ನಿಗೆ ಬಿತ್ತು. ಮತ್ತೆ ಬಿತ್ತು. ಕಣ್ಣಿಲ್ಲ. ಗಾಳಿಯಿಲ್ಲ. ಕೋಣೆ. ಚಿಲಕ. ಅವ್ವ ಎಲ್ಲಿ? ಹೇಳಬಾರದು. ಒಂದು ಉಸಿರು ಸಾಕು. ಒಂದೇ ಒಂದು.

ಅವಳ ಬಾಯಿ ತೆರೆಯಿತು. ಡಾಕ್ಟರ ಬಳಿ ಕರೆದೊಯ್ಯುತ್ತೇನೆಂದು ತನ್ನ ಕೈ ಹಿಡಿದಿದ್ದವಳ ಹೆಸರೇ ಮೊದಲು ಬಂತು.

ಹೊರಗೆ ಬಂದಾಗ ಕುಸುಮಕ್ಕ ಮುಖ ತೊಳೆಸಿದಳು, ತಲೆ ಬಾಚಿದಳು. ರವಿಕೆಯೊಳಗಿಂದ ಮಾತ್ರೆಯ ಪಟ್ಟಿ ತೆಗೆದು ಅನುವಿನ ಅಂಗೈಯಲ್ಲಿಟ್ಟಳು.

“ತಗೋ, ನಿಂದು. ನಂಗೂ ಅಂಗೇ ಆಗಿತ್ತು ಕಣವ್ವ. ಮಂಜಿ ಎಸ್ರು ಯೋಳ್ದೆ. ಅವ್ಳು ಯಾರ್ಗೂ ಕೊಡ್ಲಿಲ್ಲ. ಕೊಡ್ದಿದ್ರೆ ಕಳಿಸ್ದೋರ್ಗೇ ತಿರುಗಿ ಬತ್ತದೆ. ಅದ್ಕೇ ಎತ್ಕೊಂಡೆ, ನೀ ಗೋಡೆ ಕಡೆ ತಿರುಗಿ ನುಂಗೋದ್ನ ನಾನೂ ಕಂಡಿದ್ದೆ.” ತಡೆದು, ಮೆಲ್ಲಗೆ ಸೇರಿಸಿದಳು: “ಇನ್ನು ನಿದ್ದೆ ಬತ್ತದೆ ಬುಡು.”

ನಿದ್ದೆ ಬಂತು. ಮಾತ್ರೆಯಿಂದಲೋ ಮರಿಯಯ್ಯನಿಂದಲೋ ಅನು ಕೇಳಿಕೊಳ್ಳಲಿಲ್ಲ. ಶೆಡ್ಡಿನಲ್ಲಿ ಎಲ್ಲರೂ ಅಕ್ಕರೆಯಿಂದ ಮಾತಾಡಿಸಿದರು, ಅವಳಿಗೆ ಹೊಸ ಮಣೆ ಬಂತು. ಹಳೆಯದು ಈಗ ಅಕ್ಷತಾಳ ಮುಂದಿತ್ತು. ಯಾರು ಕೊಟ್ಟರೋ. ಊಟಕ್ಕೆ ಅವಳು ಎದ್ದಾಗ ಅನು ಮಗುಚಿ ನೋಡಿದಳು. ತನ್ನ ಹೆಸರಿನ ಮೇಲೆ ಗೀಟು ಬಿದ್ದಿತ್ತು. ಕೆಳಗೆ ಹಸಿಯಾಗಿ, ಮತ್ತೊಮ್ಮೆ, ಅಕ್ಷತಾ. ಅಕ್ಷರಗಳು ತನ್ನವೇ. ತಾನು ಬರೆದಿರಲಿಲ್ಲ. ಆದರೆ ಉಗುರಿನ ಸಂದಿಯಲ್ಲಿ ಹಳದಿ ಸಿಬಿರೊಂದು ಚುಚ್ಚುತ್ತಿತ್ತು.

ಹತ್ತನೆಯ ದಿನ ಅಕ್ಷತಾ ಡಬ್ಬಿಯನ್ನೇ ಬಿಚ್ಚಲಿಲ್ಲ. ಕಣ್ಣ ಸುತ್ತ ಕಪ್ಪು. ಪಕ್ಕಕ್ಕೆ ಸರಿದು, ತುಟಿ ಅಲ್ಲಾಡಿಸದೆ ಕೇಳಿದಳು: “ಅಕ್ಕ, ನಾಲ್ಕು ದಿನದಿಂದ ನಿದ್ದೆಯಿಲ್ಲ. ಮಣೆ ಕೆಳಗೆ ಏನೋ ಸದ್ದು. ಅಣ್ಣನ ಡಾಕ್ಟ್ರ ಹತ್ರ ಹೋದ್ರೆ ಮನೇಲಿ ಗೊತ್ತಾಗ್ತದೆ. ನಿಮ್ ಡಾಕ್ಟ್ರ ಹತ್ರ ನನ್ನೂ ಕರ್ಕೊಂಡು ಹೋಗ್ತೀರಾ? ಆ ಮಾತ್ರೆ ಬರ್ಕೊಡ್ತಾರಾ?”

ಮಾತ್ರೆಯ ಪಟ್ಟಿ ಅನುವಿನ ಸೊಂಟದಲ್ಲೇ ಇತ್ತು. ಆಚೆ ಕುಸುಮಕ್ಕ ಹೊಸೆಯುತ್ತಲೇ ಕಿವಿ ಇತ್ತ ಕೊಟ್ಟಿದ್ದಳು.

“ಯಾವ ಮಾತ್ರೆ?” ಅಂದಳು ಅನು, ಎಲ್ಲರಿಗೂ ಕೇಳುವಂತೆ.

ಹೊಸೆಯುತ್ತಿದ್ದ ಕೈಗಳೆಲ್ಲ ನಿಂತವು. ಎಲ್ಲರೂ ಅಕ್ಷತಾಳತ್ತ ತಿರುಗಿದರು.