ತಿಯೋಡುಲೊ ಕಚ್ಚಿದ್ದ ಕೊಳವೆ

ತಿಯೋಡುಲೊನ ಹೆಣವನ್ನು ದೋಣಿಗೆ ಎಳೆದುಕೊಂಡಾಗ ಗಾಳಿಕೊಳವೆ ಅವನ ಹಲ್ಲುಗಳ ನಡುವೆಯೇ ಇತ್ತು. ತಮ್ಮ ಕ್ರಿಸಾಂತೊ ಇನ್ನೊಂದು ಕೊಳವೆಯ ತುದಿಯಲ್ಲಿ ಪ್ರಜ್ಞೆ ತಪ್ಪಿ ಸಿಕ್ಕ. ದೋಣಿಯ ಮೇಲಿನ ಒಂದೇ ಯಂತ್ರ ಕೊಳವೆಗಳಲ್ಲಿ ತಳ್ಳುವ ಗಾಳಿ ಉಸಿರಾಡುತ್ತ ಹವಳದ ಬಂಡೆಗಳ ನಡುವೆ ಮೀನಿಗೆ ಇಳಿದಿದ್ದವರು ಇಬ್ಬರೂ. ತಮ್ಮ ಬದುಕಿದ. ಆದರೆ ಆಸ್ಪತ್ರೆಯಿಂದ ಬಂದವನ ತಲೆಯಲ್ಲಿ ಹೊಸದೊಂದು ಮಾತೂ ನಿಲ್ಲುತ್ತಿರಲಿಲ್ಲ.

ಊರು ಅವನ ಕಡೆಗೇ ಬೆರಳು ತೋರಿಸಿತು. ಹಿಂದಿನ ದಿನವಷ್ಟೇ ಇಬ್ಬರೂ ಕಾಳಗದ ಹುಂಜಕ್ಕಾಗಿ ಹೊಡೆದಾಡಿದ್ದರು.

ತನಿಖೆಗೆ ಪಕ್ಕದ ದೊಡ್ಡ ದ್ವೀಪ ಬೊಹೋಲ್‌ನಿಂದ ಪೊಲೀಸ್ ಅಧಿಕಾರಿ ಬಾಸಿಲಿಸಾ ಬಂದರು. ನಾನು ಈ ದ್ವೀಪದವನೇ ಆದ ಕಾನ್‌ಸ್ಟೇಬಲ್, ಜೊತೆಗೆ ಹೋದೆ.

ಆ ದಿನ ದೋಣಿ ನಡೆಸಿದ್ದ ಉರ್ಬಾನೊ ಬಲೆ ಹೊಲಿಯುತ್ತಿದ್ದ.

“ಅಣ್ಣನ ಕೊಳವೆ ಕಿತ್ತಿದ್ದು ಅವ್ನೇ ಮೇಡಂ. ಈಗ ನೆನಪಿಲ್ಲವಂತೆ! ಒಳ್ಳೇ ಕಾಯಿಲೆ. ನನ್ನ ಹೆಂಡ್ತಿ ಬೈಯುವಾಗ ನಂಗೂ ಬರಬಾರದಾ?”

“ಕಿತ್ತಿದ್ದನ್ನ ನೀನು ನೋಡಿದ್ಯಾ?”

“ನೀರಡಿ ಆಗಿದ್ದು ನಂಗೆ ಹೆಂಗೆ ಕಾಣತ್ತೆ?”

“ಹಾಗಾದ್ರೆ ಕಂಡಿದ್ದನ್ನಷ್ಟೇ ಹೇಳು. ಯಂತ್ರದ ಹತ್ರ ಯಾರಿದ್ರು?”

“ಅವರಪ್ಪ ಮೆಲಾನಿಯೊ. ಮಳೆ ಹೊಡೀತಿತ್ತು. ಆದ್ರೂ ಮುದುಕ ಅಲ್ಲಿಂದ ಅಲ್ಲಾಡಲಿಲ್ಲ.”

ಮೆಲಾನಿಯೊನ ಗುಡಿಸಲ ಮೆಟ್ಟಿಲ ಮೇಲೆ ಕ್ರಿಸಾಂತೊ ಗೆಣಸು ಸುಲಿಯುತ್ತ ಕೂತಿದ್ದ. ಮೀನುಬುಟ್ಟಿ ಹೊತ್ತು ಹೋಗುತ್ತಿದ್ದ ಹೆಂಗಸೊಬ್ಬಳು, “ಅಣ್ಣನ್ನ ತಿಂದೋನೇ!” ಎಂದು ಉಗಿದಳು.

ಅವನ ಕೈ ನಿಂತಿತು. “ನಾನಾ? ಅಪ್ಪಾ, ಅಣ್ಣ ಎಲ್ಲಿ? ನಾನೇನು ಮಾಡ್ದೆ?”

ಒಳಗಿನಿಂದ ಬಂದ ಮೆಲಾನಿಯೊ ಮಗನ ಕೈಯಿಂದ ಚಾಕು ತೆಗೆದಿಟ್ಟ. ದಿನಾ ಹೀಗೆಯೇ ಎಂದು ನನಗೆ ಗೊತ್ತಿತ್ತು. ದಿನಾ ಅವನಿಗೆ ಅಣ್ಣ ಹೊಸದಾಗಿ ಸಾಯುತ್ತಿದ್ದ.

ಬಾಸಿಲಿಸಾ ಅಪ್ಪನನ್ನು ದೋಣಿಗೆ ಕರೆದೊಯ್ದರು. ಯಂತ್ರದ ಹೊಗೆಕೊಳವೆ, ಗಾಳಿ ಎಳೆದುಕೊಳ್ಳುವ ಬಾಯಿ— ಎರಡೂ ಮಗ್ಗುಲಲ್ಲೇ. ಅದಕ್ಕೇ ಹೊಗೆ ಒಳಗೆ ಹೋಗದಂತೆ ನಮ್ಮವರು ಆ ಬಾಯಿಗೊಂದು ನಳಿಗೆ ಸಿಕ್ಕಿಸಿ, ಬಿದಿರುಗೋಲಿನ ತುದಿಗೆ ಎತ್ತಿ ಕಟ್ಟುತ್ತಾರೆ. ಆ ಕೋಲು ದೋಣಿಯ ತಳದಲ್ಲಿ ಬಿದ್ದಿತ್ತು. ಪಕ್ಕದಲ್ಲಿದ್ದ ತಾಡಪಾಲನ್ನು ಬಾಸಿಲಿಸಾ ಮಗುಚಿದರು. ಒಳಮೈ ತುಂಬ ಮಸಿ.

“ಇದನ್ನ ಹೊದಿಸಿದ್ದು ಯಾರು?”

“ನಾನೇ ತಾಯಿ. ಯಂತ್ರ ನೆನೆದು ನಿಂತ್ರೆ ಮಕ್ಕಳಿಗೆ ಉಸಿರೆಲ್ಲಿ? ಕೋಲು ಅಡ್ಡ ಬಂತು, ಇಳಿಸ್ದೆ.”

ಬಾಸಿಲಿಸಾ ತಾಡಪಾಲನ್ನು ಕೆಳಗಿಟ್ಟರು.

“ಕೊಳವೆ ಕಿತ್ತಿದ್ರೆ ಸತ್ತವನ ಹಲ್ಲಲ್ಲಿ ಅದು ಹೇಗೆ ಉಳೀತು? ಎಲ್ರೂ ನೋಡಿದ್ರು, ಯಾರೂ ಕೇಳ್ಲಿಲ್ಲ. ತುಟಿ ಕೆಂಪಗಿತ್ತು ಅಂತ ಡಾಕ್ಟರೂ ಬರೆದಿದ್ದಾರೆ. ತಾಡಪಾಲಿನಡಿ ಕಟ್ಟಿಕೊಂಡ ಹೊಗೆ ಕೊಳವೆಗೆ ಹೋಗಿದೆ, ಅದರ ವಿಷ. ಅದು ರಕ್ತದಲ್ಲಿ ಆಮ್ಲಜನಕದ ಜಾಗ ಕಸಿಯತ್ತೆ. ಮಿದುಳಲ್ಲಿ ಹೊಸ ನೆನಪು ಕೂಡಿಡೋ ಜಾಗ ಉಸಿರಿಲ್ಲದೆ ಬೇಗ ಸಾಯತ್ತೆ, ಹಳೇದು ಉಳಿಯತ್ತೆ. ಕ್ರಿಸಾಂತೊ ನಾಟಕ ಆಡ್ತಿಲ್ಲ. ಅವನು ಕೊಂದೂ ಇಲ್ಲ.” ದನಿ ತಗ್ಗಿತು. “ಆ ಗಾಳಿ ಕೆಡಿಸಿದ್ದು ನಿಮ್ಮ ಕೈ, ಅಪ್ಪಾ.”

ಮೆಲಾನಿಯೊ ತನ್ನ ಅಂಗೈ ನೋಡಿಕೊಂಡ. ಅಳಲಿಲ್ಲ. ದೋಣಿಯಿಂದ ಇಳಿದು ನೇರ ಗುಡಿಸಲಿಗೆ, ಮಗನ ಹತ್ತಿರ ಹೋದ. ನಾವೂ ಹಿಂದೆ ಹೋದೆವು.

“ಮಗಾ, ತಿಯೋ ಸತ್ತ. ನಿನ್ನಿಂದಲ್ಲ. ನನ್ನಿಂದ.”

ಕ್ರಿಸಾಂತೊ ಅಪ್ಪನ ಅಂಗಿ ಹಿಡಿದು ಜಗ್ಗಿದ, ಕೂಗಿದ, ಕೊನೆಗೆ ಅವನ ಎದೆಗೇ ಒರಗಿ ಬಿಕ್ಕಿದ.

“ನಾಳೆಗೆ ಇದೂ ಅವನಿಗೆ ನೆನಪಿರಲ್ಲ,” ಎಂದೆ ನಾನು ಮೆಲ್ಲಗೆ. “ಹೇಳದೇ ಇದ್ರೂ ನಡೆಯತ್ತೆ.”

“ಊರು ಅವನಿಗೆ ಬೇರೆ ಹೇಳತ್ತಲ್ಲ ತಮ್ಮಾ,” ಎಂದ ಮೆಲಾನಿಯೊ, ಮಗನ ತಲೆ ಸವರುತ್ತ. “ಊರಿಗಿಂತ ಮೊದಲು ನಾನೇ ಹೇಳ್ತೀನಿ. ದಿನಾ ಬೆಳಿಗ್ಗೆ.”